ಗಿಟಾರ್ ವಾದನ: ಆರಂಭಿಕ ತಂತ್ರ ಮತ್ತು ಅಭ್ಯಾಸಕ್ರಮ

ಎಡಗೈ ಬೆರಳುಗಳಿಂದ ತಂತಿ ಒತ್ತುವುದು, ಬಲಗೈಯಿಂದ ಮೀಟುವುದು, ಎರಡನ್ನೂ ಲಯಕ್ಕೆ ಕೂಡಿಸುವುದು: ಗಿಟಾರ್ ವಾದನದ ಆರಂಭಿಕ ತಂತ್ರವೆಂದರೆ ಇಷ್ಟೇ. ಮಂದ್ರದಿಂದ ತಾರಕ್ಕೆ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡುವ ಈ ಆರು ತಂತಿಯ ವಾದ್ಯದಲ್ಲಿ ಹೊಸಬರು ಸೋಲುವುದು ಬೆರಳಿಗೆ ಶಕ್ತಿ ಸಾಲದೆ, ವೇಗ ಬಾರದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾದ್ಯದ ರಚನೆಯನ್ನು ಗಮನಿಸಿದರೆ ಇದಕ್ಕೆ ವಿರುದ್ಧವಾದದ್ದೇ ಹೆಚ್ಚು ನಿಜವೆನಿಸುತ್ತದೆ. ಕಲಿಯುವವರಲ್ಲಿ ಶಕ್ತಿ ಕಡಿಮೆಯಿಲ್ಲ; ಬೇಕಾದದ್ದಕ್ಕಿಂತ ಹೆಚ್ಚು ಶಕ್ತಿ ವ್ಯಯವಾಗುತ್ತಿದೆ. ಆದ್ದರಿಂದ ತಂತ್ರ ಸುಧಾರಿಸುವುದೆಂದರೆ ಬಹುಮಟ್ಟಿಗೆ ಒತ್ತಡವನ್ನೂ ಅನಗತ್ಯ ಚಲನೆಯನ್ನೂ ಕಳೆಯುತ್ತ ಹೋಗುವುದು.

ಸ್ವರ ಹುಟ್ಟುವುದು ಬೆರಳಿನ ಕೆಳಗಲ್ಲ, ಫ್ರೆಟ್ ಎಂಬ ಲೋಹದ ಪಟ್ಟಿಯ ಮೇಲೆ. ಬೆರಳು ಫ್ರೆಟ್‌ಗೆ ಒತ್ತಿಕೊಂಡಂತೆ, ಅದರ ಹಿಂದೆಯೇ ಇದ್ದರೆ ಹಗುರವಾದ ಒತ್ತಡವೇ ತಂತಿಯನ್ನು ಭದ್ರವಾಗಿ ಕೂರಿಸುತ್ತದೆ. ಎರಡು ಫ್ರೆಟ್‌ಗಳ ನಡುಭಾಗಕ್ಕೆ ಸರಿದರೆ ಅದೇ ಸ್ವರಕ್ಕೆ ಹೆಚ್ಚು ಬಲ ಬೇಕು, ಇಲ್ಲವಾದರೆ ತಂತಿ ಝರ್ ಎನ್ನುತ್ತದೆ. ಇದನ್ನು ಪರೀಕ್ಷಿಸಿ ನೋಡುವುದು ಸುಲಭ. ಬೆರಳನ್ನು ತಂತಿಗೆ ಸುಮ್ಮನೆ ತಾಗಿಸಿ ಬಲಗೈಯಿಂದ ಮೀಟುತ್ತ ಒತ್ತಡವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಮೊದಲು ಮಂಕಾದ ಟಪ್ ಸದ್ದು, ಆಮೇಲೆ ಝರ್ ಸದ್ದು, ಕೊನೆಗೆ ತಿಳಿಯಾದ ನಾದ. ನಾದ ತಿಳಿಯಾದ ಆ ಕ್ಷಣದ ಒತ್ತಡವೇ ಸಾಕು. ಅದಕ್ಕಿಂತ ಹೆಚ್ಚು ಒತ್ತಿದರೆ ತಂತಿ ಇನ್ನಷ್ಟು ಬಿಗಿದು ಶ್ರುತಿ ಮೇಲೇರುತ್ತದೆ. ವಾದ್ಯ ಶ್ರುತಿಯಲ್ಲಿದ್ದರೂ ಹೊಸಬರ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಅಪಶ್ರುತಿಯಾಗಿ ಕೇಳಲು ಇದೂ ಒಂದು ಕಾರಣ.

ಶಕ್ತಿಯ ವಾದಕ್ಕೆ ದೊಡ್ಡ ಆಧಾರವಾಗಿ ತೋರುವುದು ಎಫ್ ಬಾರೆ ಕಾರ್ಡ್. ತೋರುಬೆರಳನ್ನು ಅಡ್ಡಲಾಗಿಟ್ಟು ಮೊದಲ ಫ್ರೆಟ್‌ನಲ್ಲಿ ಆರೂ ತಂತಿಗಳನ್ನು ಒತ್ತಬೇಕಾದ ಈ ಕಾರ್ಡ್ ಬಂದಾಗ ಗಿಟಾರನ್ನೇ ಮೂಲೆಗಿಟ್ಟವರು ಬಹಳ. ಆದರೆ ಇದೇ ಹಿಡಿತವನ್ನು ಐದನೆಯ ಫ್ರೆಟ್‌ಗೆ ಸರಿಸಿದರೆ ಎ ಮೇಜರ್ ಆಗುತ್ತದೆ, ಅದೇ ಕೈ ಅದನ್ನು ಸಲೀಸಾಗಿ ನುಡಿಸುತ್ತದೆ. ಕಷ್ಟವಿದ್ದದ್ದು ಜಾಗದಲ್ಲಿ. ತಂತಿಯ ತುದಿಗೆ ಹತ್ತಿರವಾದಷ್ಟೂ ಅದನ್ನು ಬಗ್ಗಿಸಲು ಬಲ ಹೆಚ್ಚು ಬೇಕು; ತುದಿಯಲ್ಲಿ ತಂತಿಗೆ ಆಧಾರವಾದ ನಟ್ ಎತ್ತರವಾಗಿದ್ದರೆ ಇನ್ನೂ ಹೆಚ್ಚು. ಬೆರಳು ಚಾಚಬೇಕಾದ ದೂರವೂ ಬೇರೆ. 648 ಮಿಲಿಮೀಟರ್ ತಂತಿಯಳತೆಯ ಗಿಟಾರಿನಲ್ಲಿ ಮೊದಲ ಮನೆಯ (ನಟ್ ಮತ್ತು ಮೊದಲ ಫ್ರೆಟ್ ನಡುವಿನ ಜಾಗದ) ಅಗಲ ಸುಮಾರು 36 ಮಿಲಿಮೀಟರ್, ಐದನೆಯದು ಸುಮಾರು 29. ಹೀಗಾಗಿ ಬಾರೆ ಹಿಡಿತವನ್ನು ಐದರಲ್ಲಿ ಕಲಿತು ಒಂದೊಂದೇ ಫ್ರೆಟ್ ಕೆಳಗಿಳಿಸುವುದು ಸರಿಯಾದ ದಾರಿ. ತಂತಿಗಳು ತೀರ ಎತ್ತರದಲ್ಲಿರುವ ಅಗ್ಗದ ವಾದ್ಯವಾದರೆ ಬಲ್ಲವರಿಂದ ನಟ್ಟನ್ನೂ ಇನ್ನೊಂದು ತುದಿಯ ಆಧಾರವಾದ ಕುದುರೆಯನ್ನೂ ಮೊದಲು ಸರಿಪಡಿಸಿಕೊಳ್ಳಬೇಕು. ವಾದ್ಯದ ದೋಷಕ್ಕೆ ಬೆರಳನ್ನು ದೂರುವುದು ಅನ್ಯಾಯ.

ಬಿಡಿಬಿಡಿಯಾಗಿ ಕಾರ್ಡ್ ಹಿಡಿಯಲು ಬಂದಮೇಲೂ ಹಾಡು ಮುಗ್ಗರಿಸುತ್ತದೆ. ಏಕೆಂದರೆ ಅಭ್ಯಾಸವಾಗಿರುವುದು ಕಾರ್ಡ್, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲ. ಸಿ ಮೇಜರ್‌ನಿಂದ ಎ ಮೈನರ್‌ಗೆ ಹೋಗುವಾಗ ತೋರುಬೆರಳೂ ನಡುಬೆರಳೂ ಇದ್ದಲ್ಲೇ ಇರುತ್ತವೆ. ಉಂಗುರ ಬೆರಳೊಂದು ಐದನೆಯ ತಂತಿಯ ಮೂರನೆಯ ಫ್ರೆಟ್ ಬಿಟ್ಟು ಮೂರನೆಯ ತಂತಿಯ ಎರಡನೆಯ ಫ್ರೆಟ್‌ಗೆ ಹೋದರಾಯಿತು. ಹೊಸಬರು ಮೂರೂ ಬೆರಳುಗಳನ್ನು ಎತ್ತಿ ಮತ್ತೆ ಹುಡುಕಿ ಇಡುತ್ತಾರೆ. ಈ ವ್ಯರ್ಥ ಚಲನೆ ಕಣ್ಣಿಗೆ ಬೀಳುವುದು ನಿಧಾನ ಲಯದಲ್ಲಿ ಮಾತ್ರ. ಲಯ ತೋರಿಸುವ ಮೆಟ್ರೊನೋಮನ್ನು ತಪ್ಪೇ ಬಾರದಷ್ಟು ನಿಧಾನಕ್ಕಿಟ್ಟು ಎರಡೇ ಕಾರ್ಡ್‌ಗಳ ನಡುವೆ ಓಡಾಡಬೇಕೆನ್ನುವುದು ಅದಕ್ಕಾಗಿಯೇ.

ನಿಧಾನದ ಚಲನೆಯೇ ಬೇರೆ, ವೇಗದ ಚಲನೆಯೇ ಬೇರೆ, ಆದ್ದರಿಂದ ಒಂದರ ಅಭ್ಯಾಸ ಇನ್ನೊಂದಕ್ಕೆ ಒದಗದು ಎಂಬ ಆಕ್ಷೇಪವುಂಟು. ಇದರಲ್ಲಿ ಹುರುಳಿದೆ, ನಿಧಾನದಲ್ಲೇ ನಿಂತುಬಿಟ್ಟರೆ ವೇಗ ತಾನಾಗಿ ಬರುವುದಿಲ್ಲ. ಇದಕ್ಕೆ ಉತ್ತರ ಕರ್ನಾಟಕ ಸಂಗೀತದ ಪಾಠಕ್ರಮದಲ್ಲೇ ಇದೆ. ಪುರಂದರದಾಸರು ರೂಪಿಸಿದರೆಂದು ಪರಂಪರೆ ಹೇಳುವ ಸರಳೆ ವರಸೆಗಳೆಂಬ ಆರಂಭಿಕ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ, ತಾಳದ ಗತಿ ಬದಲಿಸದೆ, ಮೂರು ಕಾಲಗಳಲ್ಲಿ ಹಾಡಿಸುತ್ತಾರೆ. ಒಂದೇ ಪಾಠವು ಮೊದಲ ಕಾಲದಿಂದ ಎರಡರಷ್ಟು, ನಾಲ್ಕರಷ್ಟು ವೇಗಕ್ಕೆ ಏರುತ್ತದೆ. ಗಿಟಾರಿನ ಕಾರ್ಡ್ ಬದಲಾವಣೆಗೂ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಒಂದನ್ನೇ ಗಂಟೆಗಟ್ಟಲೆ ತಿಕ್ಕುವುದೂ ಬೇಕಿಲ್ಲ. 1979ರಲ್ಲಿ ಶೇ ಮತ್ತು ಮಾರ್ಗನ್ ನಡೆಸಿದ ಕೈಚಲನೆಯ ಪ್ರಯೋಗದಲ್ಲಿ, ಪಾಠಗಳನ್ನು ಕಲಸಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಹಿಂದುಳಿದರೂ ಆಮೇಲಿನ ಪರೀಕ್ಷೆಯಲ್ಲಿ ಮುಂದಿದ್ದರು. ಅದು ಗಿಟಾರಿನ ಪ್ರಯೋಗವಲ್ಲ. ಆದರೂ ಮೂರು ನಾಲ್ಕು ಜೋಡಿ ಕಾರ್ಡ್‌ಗಳನ್ನು ಅದಲುಬದಲಾಗಿ ನುಡಿಸಲು ಅದು ಒಳ್ಳೆಯ ಕಾರಣ ಕೊಡುತ್ತದೆ.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದುದು: ಮಹಾನ್ ವಾದಕರೇ ನಿಯಮ ಮುರಿದಿರುವಾಗ ಸರಿಯಾದ ತಂತ್ರವೆಂಬುದು ಇದೆಯೇ? ಶಾಸ್ತ್ರೀಯ ವಾದಕ ಫೆರ್ನಾಂಡೊ ಸೋರ್ ಉಗುರಿಲ್ಲದೆ ಮೀಟಿದರು, ಅವರ ಗೆಳೆಯ ಡಿಯೊನಿಸಿಯೊ ಅಗ್ವಾಡೊ ಉಗುರಿನಿಂದ ಮೀಟಿದರು. ಶಾಸ್ತ್ರೀಯ ಪಾಠದಲ್ಲಿ ಎಡಗೈ ಹೆಬ್ಬೆರಳು ದಂಡಿಯ ಹಿಂದೆ ಇರಬೇಕು. ರಾಕ್ ವಾದಕ ಜಿಮಿ ಹೆಂಡ್ರಿಕ್ಸ್ ಅದನ್ನು ದಂಡಿಯ ಮೇಲಿಂದ ಬಾಗಿಸಿ ಮಂದ್ರದ ತಂತಿ ಒತ್ತುತ್ತಿದ್ದರು. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳು ಊನವಾದ ಜಾಜ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಉಳಿದೆರಡರಿಂದಲೇ ಅಸಾಧಾರಣ ವೇಗದ ಸ್ವರಗಳನ್ನು ನುಡಿಸಿದರು. ಕೈಯ ಭಂಗಿ ಒಂದೇ ಇರಬೇಕಿಲ್ಲವೆಂಬುದನ್ನು ಈ ಉದಾಹರಣೆಗಳು ಖಂಡಿತ ತೋರಿಸುತ್ತವೆ. ಮಿತವ್ಯಯದ ತತ್ತ್ವವನ್ನು ಮಾತ್ರ ಅವು ಅಲ್ಲಗಳೆಯುವುದಿಲ್ಲ. ಎರಡೇ ಬೆರಳುಳ್ಳವರಿಗೆ ಒಂದು ಚಲನೆಯೂ ವ್ಯರ್ಥವಾಗುವಂತಿರಲಿಲ್ಲ. ಹೆಂಡ್ರಿಕ್ಸರ ಹೆಬ್ಬೆರಳು ಉಳಿದ ಬೆರಳುಗಳನ್ನು ಬೇರೆ ಕೆಲಸಕ್ಕೆ ಬಿಡಿಸಿಕೊಟ್ಟಿತು.

ನೋವಿಲ್ಲದೆ ವಿದ್ಯೆ ಬಾರದೆಂಬ ಮಾತನ್ನು ಇಲ್ಲಿ ವಿವೇಚಿಸಿ ಬಳಸಬೇಕು. ಉಕ್ಕಿನ ತಂತಿಗಳ ಒಟ್ಟು ಬಿಗಿತ ಸುಮಾರು 70 ಕಿಲೋಗ್ರಾಂ ಭಾರದಷ್ಟು, ನೈಲಾನ್ ತಂತಿಗಳದು ಸುಮಾರು 40. ಇಷ್ಟು ಬಿಗಿದ ತಂತಿಗಳನ್ನು ಒತ್ತುವಾಗ ಬೆರಳ ತುದಿಯ ಚರ್ಮ ಮೊದಮೊದಲು ಉರಿಯುವುದು, ಕೆಲವು ವಾರಗಳಲ್ಲಿ ಗಟ್ಟಿಯಾಗುವುದು ಸಹಜ. ಮಣಿಕಟ್ಟು, ಮುಂಗೈ, ಹೆಬ್ಬೆರಳ ಬುಡದ ನೋವು ಹಾಗಲ್ಲ. ಅದು ಅತಿಯಾದ ಒತ್ತಡದ ಅಥವಾ ವಕ್ರ ಭಂಗಿಯ ಗುರುತು. ಅಂಥ ನೋವು ಕಂಡೊಡನೆ ನುಡಿಸುವುದನ್ನು ನಿಲ್ಲಿಸಬೇಕು, ವಿಶ್ರಾಂತಿಯಿಂದ ಅದು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.