ಮೊದಲ ಸ್ಥಾನ: ವೇಗದ ಗುರುತೋ, ಪೆಟ್ರೋಲಿನ ಲೆಕ್ಕವೋ?

ಮೋಟಾರು ರೇಸ್ ಆರಂಭವಾಗುವ ಮುನ್ನ ಕಾರುಗಳು ಒಂದರ ಹಿಂದೊಂದು ಗೊತ್ತಾದ ಕ್ರಮದಲ್ಲಿ ನಿಲ್ಲುತ್ತವೆ. ಈ ಜೋಡಣೆಗೆ ಗ್ರಿಡ್ ಎಂದು ಹೆಸರು. ಎಲ್ಲರಿಗಿಂತ ಮುಂದಿನ ಜಾಗವೇ ಪೋಲ್ ಪೊಸಿಷನ್. ಇದು ಕುದುರೆ ರೇಸಿನಿಂದ ಬಂದ ಮಾತು. ಅಲ್ಲಿ ನಿಂತವರೇ ಅತ್ಯಂತ ವೇಗದ ಚಾಲಕರೆಂದು ನೋಡುಗರು ಭಾವಿಸುವುದು ಸಹಜ. ಆದರೆ ಫಾರ್ಮುಲಾ ಒನ್ ಇತಿಹಾಸವನ್ನು ಗಮನಿಸಿದರೆ, ಈ ಭಾವನೆ ಎಲ್ಲ ಕಾಲಕ್ಕೂ ಸರಿಯಲ್ಲವೆಂಬುದು ತಿಳಿಯುತ್ತದೆ. ಮುಂದೆ ನಿಲ್ಲುವವರು ಯಾರೆಂಬುದನ್ನು ಚಾಲಕನ ಕೈಚಳಕದಷ್ಟೇ ನಿಯಮಗಳೂ ನಿರ್ಧರಿಸಿವೆ. ಅವುಗಳಲ್ಲಿ ಮುಖ್ಯವಾದುದು ಟ್ಯಾಂಕಿನಲ್ಲಿರುವ ಪೆಟ್ರೋಲಿಗೆ ಸಂಬಂಧಿಸಿದ ನಿಯಮ.

ಮೊದಮೊದಲು ವೇಗಕ್ಕೂ ಗ್ರಿಡ್‌ಗೂ ಸಂಬಂಧವೇ ಇರಲಿಲ್ಲ. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಮೊದಲ 500 ಮೈಲಿ ರೇಸಿನಲ್ಲಿ, ಪ್ರವೇಶಪತ್ರಗಳು ಬಂದ ಅನುಕ್ರಮದಲ್ಲೇ ಕಾರುಗಳನ್ನು ನಿಲ್ಲಿಸಲಾಗಿತ್ತು. ಯುರೋಪಿನಲ್ಲಿ ಚೀಟಿ ಎತ್ತುವುದು ವಾಡಿಕೆಯಾಗಿತ್ತು. ಚೀಟಿಯನ್ನು ಬಿಟ್ಟು ಅಭ್ಯಾಸದಲ್ಲಿ ಗಳಿಸಿದ ಸಮಯವನ್ನೇ ಆಧಾರವಾಗಿಟ್ಟುಕೊಂಡ ಮೊದಲ ಗ್ರ್ಯಾನ್ ಪ್ರಿ 1933ರ ಮೊನಾಕೊ ರೇಸ್. ಅಲ್ಲಿನ ಬೀದಿಗಳು ಇಕ್ಕಟ್ಟಾದ್ದರಿಂದ ಹಿಂದಿಕ್ಕುವುದು ಕಷ್ಟ. ಹಾಗಾಗಿ ಮುಂದಿನ ಸ್ಥಾನಕ್ಕೆ ಬೆಲೆ ಹೆಚ್ಚು. ಬುಗಾಟಿ ಕಾರಿನಲ್ಲಿದ್ದ ಇಟಲಿಯ ಅಕಿಲೆ ವರ್ಝಿ ಮೊದಲ ಸ್ಥಾನದಿಂದ ಹೊರಟು ರೇಸನ್ನೂ ಗೆದ್ದರು.

ಪೆಟ್ರೋಲು ಈ ಲೆಕ್ಕದೊಳಗೆ ಬರುವುದು ಅದರ ತೂಕದಿಂದ. ಕಾರಿನಲ್ಲಿ ಹತ್ತು ಕಿಲೋ ಇಂಧನ ಹೆಚ್ಚಿದ್ದರೆ ಒಂದು ಸುತ್ತಿಗೆ ಸುಮಾರು 0.3 ಸೆಕೆಂಡ್ ನಷ್ಟವೆಂಬುದು ಸ್ಥೂಲ ಅಂದಾಜು. ಕೇಳಲು ಇದು ಅತ್ಯಲ್ಪ. ಆದರೆ 1997ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಜಾಕ್ ವಿಲ್ನೆವ್, ಮೈಕೆಲ್ ಶುಮಾಕರ್ ಮತ್ತು ಫ್ರೆಂಟ್ಜೆನ್ ಮೂವರೂ ಒಂದೇ ಸಮಯದಲ್ಲಿ, ಅಂದರೆ 1 ನಿಮಿಷ 21.072 ಸೆಕೆಂಡಿನಲ್ಲಿ ಸುತ್ತು ಮುಗಿಸಿದರು! ಆ ಸಮಯವನ್ನು ಮೊದಲು ದಾಖಲಿಸಿದ ವಿಲ್ನೆವ್‌ಗೆ ಮೊದಲ ಸ್ಥಾನ ಸಿಕ್ಕಿತು. ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ಎಣಿಸುವ ಆಟದಲ್ಲಿ ಹತ್ತು ಕಿಲೋ ಸಣ್ಣ ಹೊರೆಯಲ್ಲ.

1980ರ ದಶಕದಲ್ಲಿ ಟರ್ಬೊ ಎಂಜಿನ್ನುಗಳ ಶಕ್ತಿ ಮಿತಿಮೀರಿದಾಗ, ಅಧಿಕಾರಿಗಳು ಅದಕ್ಕೆ ಪೆಟ್ರೋಲಿನ ಮೂಲಕವೇ ಕಡಿವಾಣ ಹಾಕಿದರು. 1984ರಲ್ಲಿ ರೇಸಿನ ನಡುವೆ ಇಂಧನ ತುಂಬುವುದನ್ನು ನಿಷೇಧಿಸಿ, ಇಡೀ ರೇಸಿಗೆ 220 ಲೀಟರಿನ ಮಿತಿ ಗೊತ್ತುಮಾಡಿದರು. 1986ರಲ್ಲಿ ಅದು 195 ಲೀಟರಿಗೆ ಇಳಿಯಿತು. ಅರ್ಹತಾ ಸುತ್ತಿಗೆ ಮಾತ್ರ ಈ ಮಿತಿ ಅನ್ವಯಿಸುತ್ತಿರಲಿಲ್ಲ. ಪರಿಣಾಮವಾಗಿ ಶನಿವಾರದ ಕಾರೇ ಬೇರೆ, ಭಾನುವಾರದ ಕಾರೇ ಬೇರೆ ಎಂಬಂತಾಯಿತು. ಶನಿವಾರ ಒಂದೆರಡು ಸುತ್ತಿಗಾಗಿ 1,000 ಅಶ್ವಶಕ್ತಿಯನ್ನೂ ಮೀರಿ ಅಬ್ಬರಿಸುತ್ತಿದ್ದ ಎಂಜಿನ್, ಭಾನುವಾರ ಪೆಟ್ರೋಲನ್ನು ಎಣಿಸಿ ಖರ್ಚು ಮಾಡಬೇಕಿತ್ತು. 1986ರಲ್ಲಿ ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಕೊನೆಯ ಸುತ್ತಿನಲ್ಲಿ ಟ್ಯಾಂಕ್ ಬರಿದಾಗಿ, ಅಲೈನ್ ಪ್ರೋಸ್ಟ್ ತಮ್ಮ ಕಾರನ್ನು ಇಳಿದು ತಳ್ಳಲು ಮುಂದಾದ ದೃಶ್ಯ ಆ ಕಾಲದ ನಿಯಮಕ್ಕೆ ಕನ್ನಡಿ ಹಿಡಿದಂತಿತ್ತು.

1994ರಲ್ಲಿ ರೇಸಿನ ನಡುವೆ ಇಂಧನ ತುಂಬಲು ಮತ್ತೆ ಅನುಮತಿ ದೊರೆಯಿತು. ಅದೇ ವರ್ಷ ಹಾಕೆನ್‌ಹೈಮ್‌ನಲ್ಲಿ ಯೋಸ್ ವೆರ್‌ಸ್ಟಪ್ಪನ್ ಅವರ ಕಾರಿಗೆ ಪೆಟ್ರೋಲ್ ತುಂಬುವಾಗ ಚೆಲ್ಲಿ ಬೆಂಕಿ ಹತ್ತಿಕೊಂಡಿತು. ಅಪಾಯ ಎಲ್ಲರ ಕಣ್ಣಿಗೂ ಬಿದ್ದರೂ ನಿಯಮ ಉಳಿಯಿತು. ಆದರೂ 2002ರವರೆಗೆ ಅರ್ಹತಾ ಸುತ್ತಿಗೆ ಕಾರುಗಳು ಹಗುರಾಗಿಯೇ ಬರುತ್ತಿದ್ದುದರಿಂದ, ಗ್ರಿಡ್ ವೇಗಕ್ಕೆ ಹಿಡಿದ ಅಳತೆಗೋಲಾಗಿಯೇ ಇತ್ತು.

ಚಿತ್ರ ಪೂರ್ತಿ ಬದಲಾದದ್ದು 2003ರಲ್ಲಿ. ಒಬ್ಬೊಬ್ಬ ಚಾಲಕನಿಗೂ ಒಂದೊಂದೇ ಸುತ್ತು. ಅದೂ ರೇಸ್ ಆರಂಭಿಸಲು ಬೇಕಾದ ಪೆಟ್ರೋಲನ್ನು ತುಂಬಿಕೊಂಡೇ ಓಡಬೇಕು, ಅನಂತರ ಹನಿಯನ್ನೂ ಸೇರಿಸುವಂತಿಲ್ಲ. ಆಗ ತಂಡಗಳ ಮುಂದೆ ಎರಡು ದಾರಿಗಳಿದ್ದವು. ಕಡಿಮೆ ತುಂಬಿಸಿದರೆ ಮುಂದಿನ ಸಾಲು ಸಿಗುತ್ತದೆ, ಆದರೆ ರೇಸಿನಲ್ಲಿ ಬೇಗನೆ ನಿಲ್ಲಬೇಕು. ಹೆಚ್ಚು ತುಂಬಿಸಿದರೆ ಹಿಂದೆ ನಿಲ್ಲಬೇಕು, ಆದರೆ ಹೆಚ್ಚು ಹೊತ್ತು ಓಡಬಹುದು. ಹೀಗೆ ಪೋಲ್ ಪೊಸಿಷನ್ ಅರ್ಧ ವೇಗ, ಅರ್ಧ ಪಣವಾಯಿತು. ಯಾವ ಕಾರಿನಲ್ಲಿ ಎಷ್ಟು ಪೆಟ್ರೋಲಿದೆ ಎಂಬುದು ಮೊದಲ ನಿಲುಗಡೆಯವರೆಗೂ ಗುಟ್ಟು. ಗ್ರಿಡ್ ನೋಡಿ ಯಾರು ವೇಗಿ ಎಂದು ಹೇಳುವುದು ಪ್ರೇಕ್ಷಕನಿಗೆ ಸಾಧ್ಯವಿರಲಿಲ್ಲ.

ಈ ಪದ್ಧತಿಯಿಂದ ಲಾಭವೂ ಇತ್ತು. 2005ರಲ್ಲಿ ಜಪಾನಿನ ಸುಜುಕಾದಲ್ಲಿ, ಹಿಂದಿನ ರೇಸಿನಲ್ಲಿ ಮುಂದಿದ್ದವರು ಕೊನೆಗೆ ಸುತ್ತು ಹಾಕಬೇಕಾಗಿದ್ದ ಕಾರಣ ಮಳೆ ಅವರ ಪಾಲಿಗೇ ಬಂತು. 17ನೆಯ ಸ್ಥಾನದಿಂದ ಹೊರಟ ಕಿಮಿ ರೈಕೊನೆನ್ ಒಬ್ಬೊಬ್ಬರನ್ನೇ ಹಿಂದಿಕ್ಕಿ ಕೊನೆಯ ಸುತ್ತಿನಲ್ಲಿ ಮುನ್ನಡೆ ಪಡೆದು ಗೆದ್ದರು. ಗ್ರಿಡ್ ಏರುಪೇರಾದರೆ ರೇಸ್ ರಂಗೇರುತ್ತದೆ ಎನ್ನುವವರಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

2006ರಲ್ಲಿ ಮೂರು ಹಂತದ ಪದ್ಧತಿ ಬಂತು. 22 ಕಾರುಗಳಲ್ಲಿ ಮೊದಲೆರಡು ಹಂತಗಳಲ್ಲಿ ಆರಾರು ಹೊರಬಿದ್ದು, ಉಳಿದ ಹತ್ತು ಕೊನೆಯ ಹಂತದಲ್ಲಿ ಸೆಣಸುತ್ತಿದ್ದವು. ಆದರೆ ಆ ಹತ್ತಕ್ಕೆ ಮಾತ್ರ ರೇಸಿನ ಪೆಟ್ರೋಲಿನ ಹೊರೆ ತಪ್ಪಲಿಲ್ಲ. ಓಡಿದ ಸುತ್ತುಗಳಿಗೆ ತಕ್ಕಷ್ಟು ಇಂಧನವನ್ನು ಆಮೇಲೆ ವಾಪಸು ತುಂಬಿಕೊಳ್ಳಬಹುದಿತ್ತು. ಹೀಗಾಗಿ ಜಗತ್ತಿನ ಅತಿ ವೇಗದ ಕಾರುಗಳು ಪೆಟ್ರೋಲನ್ನು ಸುಡುವುದಕ್ಕೆಂದೇ ಸುಮ್ಮನೆ ಸುತ್ತು ಹಾಕುವ ವಿಚಿತ್ರ 2007ರವರೆಗೂ ನಡೆಯಿತು.

2009ರಲ್ಲಿ ಅರ್ಹತಾ ಸುತ್ತಿನ ನಂತರ ಕಾರುಗಳ ತೂಕವನ್ನು ಪ್ರಕಟಿಸತೊಡಗಿದಾಗ ಗುಟ್ಟು ಬಯಲಾಯಿತು. ಇದರ ಪ್ರಯೋಜನ ಪಡೆದವರಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಮುನ್ನಡೆಸುತ್ತಿದ್ದ ಫೋರ್ಸ್ ಇಂಡಿಯಾ ತಂಡವೂ ಒಂದು. ಅದುವರೆಗೆ ಒಂದು ಅಂಕವನ್ನೂ ಗಳಿಸದಿದ್ದ ಆ ತಂಡದ ಫಿಸಿಕೆಲ್ಲಾ ಬೆಲ್ಜಿಯಂನ ಸ್ಪಾದಲ್ಲಿ ಮೊದಲ ಸ್ಥಾನ ಪಡೆದಾಗ ಟ್ಯಾಂಕ್ ಖಾಲಿಯಿರಬೇಕೆಂಬ ಅನುಮಾನ ಸಹಜವಾಗಿತ್ತು. ತೂಕದ ಪಟ್ಟಿ ಆ ಅನುಮಾನವನ್ನು ಅಳಿಸಿತು. ಮರುದಿನ ಅವರು ರೈಕೊನೆನ್ ಹಿಂದೆ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಎರಡನೆಯವರಾಗಿ ಬಂದು, ಪೋಲ್ ಪೊಸಿಷನ್ ಬರಿಯ ಪಣವಾಗಿರಲಿಲ್ಲವೆಂದು ತೋರಿಸಿದರು.

ಖರ್ಚು ಮತ್ತು ಸುರಕ್ಷತೆಯ ಕಾರಣಗಳಿಂದ 2010ರಲ್ಲಿ ರೇಸಿನ ನಡುವೆ ಇಂಧನ ತುಂಬುವುದು ಮತ್ತೊಮ್ಮೆ ನಿಷಿದ್ಧವಾಯಿತು. ಅರ್ಹತಾ ಸುತ್ತಿಗೆ ಬೇಕಾದಷ್ಟೇ ಪೆಟ್ರೋಲ್, ರೇಸಿಗೆ ತುಂಬಿದ ಟ್ಯಾಂಕ್ ಎಂಬ ನೇರವಾದ ವ್ಯವಸ್ಥೆ ಬಂತು. ಅತಿ ವೇಗದ ಸಮಯಕ್ಕಿಂತ ಶೇ 7ಕ್ಕೂ ಹೆಚ್ಚು ಹಿಂದೆ ಬಿದ್ದವರಿಗೆ ರೇಸಿನಲ್ಲಿ ಜಾಗವಿಲ್ಲವೆಂಬ 1996ರ ನಿಯಮ, ಭಾರದ ಕಾರುಗಳ ಕಾಲದಲ್ಲಿ ಅರ್ಥ ಕಳೆದುಕೊಂಡು 2003ರಲ್ಲಿ ಮರೆಯಾಗಿತ್ತು. ಅದು 2011ರಲ್ಲಿ ಹಿಂತಿರುಗಿತು. 2011 ಮತ್ತು 2012, ಎರಡೂ ವರ್ಷ ಮೆಲ್ಬರ್ನ್‌ನಲ್ಲಿ ಹಿಸ್ಪಾನಿಯಾ ತಂಡದ ಎರಡೂ ಕಾರುಗಳು ಹೊರಗುಳಿದವು. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಎರಡು ಸಲವೂ ಆ ನಿಯಮಕ್ಕೆ ಸಿಲುಕಿದರು.

2016ರಲ್ಲಿ 90 ಸೆಕೆಂಡಿಗೊಬ್ಬರನ್ನು ಹೊರಹಾಕುವ ಇನ್ನೊಂದು ಪ್ರಯೋಗ ನಡೆಯಿತು. ಮೆಲ್ಬರ್ನ್‌ನಲ್ಲಿ ಕೊನೆಯ ನಿಮಿಷಗಳಲ್ಲಿ ಟ್ರ್ಯಾಕ್ ಮೇಲೆ ಕಾರೇ ಇರಲಿಲ್ಲ. ಎರಡು ರೇಸುಗಳ ನಂತರ ಅದನ್ನು ಕೈಬಿಡಲಾಯಿತು.

ಗ್ರಿಡ್ ನಿಜ ಹೇಳಬೇಕೋ, ರೇಸಿಗೆ ರುಚಿ ತರಬೇಕೋ ಎಂಬುದು ಈ ಎಲ್ಲ ಬದಲಾವಣೆಗಳ ಹಿಂದಿದ್ದ ಪ್ರಶ್ನೆ. ಅತ್ಯಂತ ವೇಗಿಯೇ ಮುಂದೆ ನಿಂತರೆ ಅವನು ಹಾಗೆಯೇ ದೂರ ಸಾಗಿಬಿಡುವ ಸಂಭವ ಹೆಚ್ಚು. ಬೇಸರಕ್ಕೆ ಅದೇ ಕಾರಣ. ಆದರೆ ಪೆಟ್ರೋಲಿನ ತೂಕದಿಂದ ಸಾಲನ್ನು ಕಲಕಿದಾಗ, ಗೆದ್ದವನ ಗೆಲುವಿಗೂ ಸೋತವನ ಸೋಲಿಗೂ ಅನುಮಾನ ಅಂಟಿಕೊಂಡಿತು. ಹಲವು ಪ್ರಯೋಗಗಳ ಬಳಿಕ ಫಾರ್ಮುಲಾ ಒನ್ ಮರಳಿದ್ದು 1933ರ ಮೊನಾಕೊದ ಸರಳ ಸೂತ್ರಕ್ಕೇ: ಬೇಗ ಓಡಿದವರು ಮುಂದೆ.