ದಂತಕಳಂಕದ ವೃತ್ತಾಂತ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಕವಳ ಹಾಕುವವರ ಹಲ್ಲು ಕೆಂಪೇರಿ ಕ್ರಮೇಣ ಕಪ್ಪಾಗುವುದನ್ನು ಎಲ್ಲರೂ ಬಲ್ಲರು. ಅದು ಹೊರಗಿನಿಂದ ಹತ್ತಿದ ಕರೆ. ದಂತವೈದ್ಯನು ತೆಗೆದರೆ ಬಹುಮಟ್ಟಿಗೆ ಹೋಗುವುದು. ಆದರೆ ಕವಳದ ರುಚಿಯನ್ನೇ ಅರಿಯದ ಎಂಟು ಹತ್ತು ವರುಷದ ಬಾಲಕರ ಹಲ್ಲುಗಳಲ್ಲಿ ಸುಣ್ಣದಂಥ ಬಿಳಿಯ ಅಡ್ಡಗೆರೆಗಳೂ ಕಂದು ಮಚ್ಚೆಗಳೂ ಇದ್ದು, ಎಷ್ಟು ಉಜ್ಜಿದರೂ ಹೋಗದಿದ್ದರೆ, ಅದರ ಕಾರಣವನ್ನು ಬಾವಿಯಲ್ಲಿಯೂ ಹುಡುಕಬೇಕಾಗುವುದು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ಬಯಲುಸೀಮೆಯ ತಾಲೂಕುಗಳಲ್ಲಿ ಈ ಪೀಡೆಯು ಸುವಿದಿತವಾದುದು. ಇದರ ಕಾರಣವು ಲೋಕಕ್ಕೆ ತಿಳಿದುಬಂದ ಬಗೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಹಲ್ಲು ಕಪ್ಪಾಗುವ ರೋಗವನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ಸುಶ್ರುತನು ದಂತರೋಗಗಳಲ್ಲಿ ಶ್ಯಾವದಂತಕವೆಂಬುದನ್ನು ಎಣಿಸಿ, ಅದಕ್ಕೆ ರಕ್ತಪಿತ್ತಗಳ ದೋಷವನ್ನು ಹೇಳಿರುವನು. ಅದೇ ಗ್ರಂಥದಲ್ಲಿ ಮತ್ತೊಂದೆಡೆ ಭೂಮಿಯ ಗುಣದಂತೆ ನೀರಿನ ಗುಣವೂ ಬೇರೆಯಾಗುವುದೆಂದೂ, ಆಕಾಶದಿಂದ ಬಿದ್ದ ಜಲವೇ ಶ್ರೇಷ್ಠವೆಂದೂ ಪ್ರತಿಪಾದಿಸಿರುವನು. ನಾವು ಇಲ್ಲಿ ಹೇಳುವ ದಂತಕಳಂಕದ ವಿಷಯದಲ್ಲಿ ನೀರಿಗೂ ಹಲ್ಲಿಗೂ ಇರುವ ಸಂಬಂಧವು ಸ್ಥಾಪಿತವಾದುದು ಇಪ್ಪತ್ತನೆಯ ಶತಮಾನದಲ್ಲಿ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಮೇರಿಕೆಯ ಕೊಲರಾಡೋ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವೃತ್ತಿಯನ್ನಾರಂಭಿಸಿದನು. ಅಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲುಗಳು ಕಂದುಬಣ್ಣವಾಗಿದ್ದವು. ಆಹಾರದ ದೋಷವೆಂದು ಕೆಲವರು, ನೀರಿನ ದೋಷವೆಂದು ಕೆಲವರು ಊಹಿಸುತ್ತಿದ್ದರು. 1909ರಿಂದ ಜಿ. ವಿ. ಬ್ಲ್ಯಾಕ್ ಎಂಬ ಹಿರಿಯ ವಿದ್ವಾಂಸನು ಅವನೊಡನೆ ಸೇರಿದನು. ಪರಸ್ಥಳದಿಂದ ಪ್ರಾಯಬಂದ ಮೇಲೆ ಬಂದು ನೆಲಸಿದವರಿಗೆ ಈ ಕಳಂಕವಿಲ್ಲ, ಬಾಲ್ಯವನ್ನು ಅಲ್ಲಿಯೇ ಕಳೆದವರಿಗೆ ಮಾತ್ರ ಉಂಟು ಎಂಬುದು ಅವರಿಗೆ ಗೋಚರಿಸಿತು.

ನಮ್ಮ ನ್ಯಾಯಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ. ಇದ್ದಲ್ಲಿ ಇರುವುದು ಅನ್ವಯ. ಇಲ್ಲದಲ್ಲಿ ಇಲ್ಲದಿರುವುದು ವ್ಯತಿರೇಕ. ಮೆಕೇ ಮಹಾಶಯನು ಆ ಹೆಸರುಗಳನ್ನು ಕೇಳದೆಯೇ ಆ ಮಾರ್ಗವನ್ನು ಹಿಡಿದನು. ಐಡಾಹೋ ಪ್ರಾಂತದ ಓಕ್ಲಿ ಎಂಬ ಊರಿಗೆ ದೂರದ ಬೆಚ್ಚನೆಯ ಬುಗ್ಗೆಯೊಂದರಿಂದ ಕೊಳವೆಯ ಮೂಲಕ ನೀರು ತಂದ ತರುವಾಯ ಮಕ್ಕಳ ಹಲ್ಲು ಕೆಟ್ಟಿದ್ದವು. ಆ ನೀರಿನಲ್ಲಿ ಯಾವ ದೋಷವೂ ಅವನಿಗೆ ಕಾಣದಿದ್ದರೂ ಅದನ್ನು ಬಿಟ್ಟು ಬೇರೆ ಬುಗ್ಗೆಯನ್ನು ಆಶ್ರಯಿಸುವಂತೆ ಹೇಳಿದನು. ಕೆಲವೇ ವರ್ಷಗಳಲ್ಲಿ, ಅಲ್ಲಿಯ ಚಿಕ್ಕ ಮಕ್ಕಳಿಗೆ ಮೂಡಿದ ಹೊಸ ಹಲ್ಲುಗಳು ನಿರ್ಮಲವಾಗಿದ್ದವು. ದೋಷದ ಹೆಸರು ತಿಳಿಯುವ ಮೊದಲೇ ಪರಿಹಾರವು ಸಿದ್ಧಿಸಿತು!

ಹೆಸರು ತಿಳಿದುದು 1931ರಲ್ಲಿ. ಆರ್ಕಾನ್ಸಾ ಪ್ರಾಂತದ ಬಾಕ್ಸೈಟ್ ಎಂಬ ಊರಿನಲ್ಲಿ ಇದೇ ಪೀಡೆಯಿದ್ದಿತು. ಅಲ್ಲಿಯ ಅಲ್ಯೂಮಿನಿಯಂ ಕಂಪನಿಯ ರಸಾಯನಜ್ಞನಾದ ಎಚ್. ವಿ. ಚರ್ಚಿಲ್ ಎಂಬವನು ನೀರನ್ನು ಹೊಸ ವಿಧಾನದಿಂದ ಪರೀಕ್ಷಿಸಲು, ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್ ಹೊರಬಿದ್ದಿತು. ಮುಂದೆ 1937ರಲ್ಲಿ ಶಾರ್ಟ್ ಮೊದಲಾದ ವೈದ್ಯರು ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ವಿಷವು ಹಲ್ಲನ್ನಷ್ಟೇ ಅಲ್ಲದೆ ಎಲುಬುಗಳನ್ನೂ ಕೆಡಿಸಿ, ಬೆನ್ನು ಬಾಗದಂತೆ ಮಾಡುವುದನ್ನು ಪ್ರಕಟಿಸಿದರು.

ಇನ್ನು ಇದರ ಕ್ರಮವನ್ನು ಹೇಳುವೆವು. ಬಯಲುಸೀಮೆಯ ಗ್ರಾನೈಟು ಮುಂತಾದ ಶಿಲೆಗಳಲ್ಲಿ ಫ್ಲೋರೈಡುಳ್ಳ ಖನಿಜಗಳಿವೆ. ಮಳೆ ಕಡಿಮೆಯಾದಲ್ಲಿ ಆಳದ ನೀರು ಬಹುಕಾಲ ಬಂಡೆಯ ಸಂದಿನಲ್ಲಿ ನಿಂತು ಅದನ್ನು ಕರಗಿಸಿಕೊಳ್ಳುವುದು. ಘಟ್ಟದ ಮೇಲಣ ನಮ್ಮ ಸೀಮೆಯಲ್ಲಿ ವಿಪುಲವಾದ ಮಳೆಯು ಜಂಬಿಟ್ಟಿಗೆಯ ನೆಲದಲ್ಲಿ ಇಳಿದು, ಬೇಗನೆ ಹಳ್ಳಹೊಳೆಗಳಾಗಿ ಹರಿದುಹೋಗುವುದರಿಂದ ತೆರೆದ ಬಾವಿ, ಅಬ್ಬಿಗಳ ನೀರಿನಲ್ಲಿ ಈ ದೋಷವು ಸಾಮಾನ್ಯವಾಗಿ ಅಲ್ಪ. ಹಲ್ಲಿನ ಹೊರಕವಚವು ಒಸಡಿನೊಳಗೆ ರಚಿತವಾಗುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಆಗ ಅತಿಯಾದ ಫ್ಲೋರೈಡ್ ದೇಹವನ್ನು ಸೇರಿದರೆ ಕವಚವು ರಂಧ್ರಮಯವಾಗಿ, ಹಲ್ಲು ಮೂಡಿದ ತರುವಾಯ ಕಂದುಬಣ್ಣವನ್ನು ಹೀರುವುದು. ಅಲ್ಪಪ್ರಮಾಣದ ಫ್ಲೋರೈಡ್ ಹಲ್ಲನ್ನು ಹುಳುಕಿನಿಂದ ಕಾಯುವುದೂ ನಿಜವೇ. ಮಿತಿಯಲ್ಲಿ ಗುಣ, ಅತಿಯಲ್ಲಿ ದೋಷ. ನಮ್ಮ ದೇಶದ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಗ್ರಾಹ್ಯ. ಬೇರೆ ಜಲವಿಲ್ಲದಾಗ 1.5ರವರೆಗೆ ಸಹ್ಯ.

ಆದುದರಿಂದ ಇಂಥ ಊರಿನ ಕನ್ಯೆಯ ಹಲ್ಲನ್ನು ನೋಡಿ ವಂಶದೋಷವೆಂದು ಸಂಬಂಧವನ್ನು ಬಿಡುವುದು ಅಜ್ಞಾನವಲ್ಲದೆ ಮತ್ತೇನು? ಆ ಹಲ್ಲು ಅವಳು ಶೈಶವದಲ್ಲಿ ಕುಡಿದ ನೀರಿನ ಶಾಸನವು. ಅವಳ ಕುಲದ ಶಾಸನವಲ್ಲ. ಅದು ಅವಳ ಮಕ್ಕಳಿಗೆ ರಕ್ತದ ಮೂಲಕ ಬರುವುದಿಲ್ಲ, ಅದೇ ಬಾವಿಯ ಮೂಲಕ ಬರುವುದು.

ನಮ್ಮವರು ಇದನ್ನು ಪರರ ಮಾತೆಂದು ಕೇಳಿ ಸುಮ್ಮನಿರಲಾಗದು. ಬೇಸಿಗೆಯಲ್ಲಿ ಬಾವಿ ಬತ್ತಲು ಇಲ್ಲಿಯೂ ಕೊಳವೆಬಾವಿಗಳನ್ನು ಕೊರೆಯಿಸುತ್ತಿರುವರು. ಅವೆಲ್ಲವೂ ದುಷ್ಟವೆಂದು ನಾವು ಹೇಳುವುದಿಲ್ಲ. ಆದರೆ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಮೂಗುಗಳ ಸಾಕ್ಷ್ಯವು ಇಲ್ಲಿ ನಡೆಯದು. ಪ್ರಯೋಗಶಾಲೆಯ ಪರೀಕ್ಷೆಯೇ ಪ್ರಮಾಣವು. ಕಾಯಿಸಿದರೆ ದೋಷವು ಹೋಗುವುದೆಂಬ ನಂಬಿಕೆ ತಪ್ಪು. ನೀರು ಆವಿಯಾದಷ್ಟೂ ಅದು ಸಾಂದ್ರವಾಗುವುದು. ನಾಗಪುರದ ಸಂಸ್ಥೆಯು ಪಟಿಕವನ್ನೂ ಸುಣ್ಣವನ್ನೂ ಬಳಸಿ ಶೋಧಿಸುವ ನಲ್ಗೊಂಡ ವಿಧಾನವನ್ನು ರೂಪಿಸಿದೆ. ಅದಕ್ಕೆ ಅಳತೆಯೂ ಎಚ್ಚರವೂ ನಿತ್ಯ ಬೇಕು. ಅದಕ್ಕಿಂತ ಸುಲಭವಾದುದು ನೀರಿನ ಮೂಲವನ್ನೇ ಬದಲಿಸುವುದು. ನಮ್ಮ ಸೀಮೆಗಂತೂ ಮಳೆಯ ನೀರು ಮನೆಯ ಮಾಡಿನಿಂದಲೇ ಇಳಿಯುತ್ತಿದೆ.

ಒಮ್ಮೆ ಕೆಟ್ಟ ಕವಚವನ್ನು ದೇಹವು ಮರಳಿ ಕಟ್ಟಲಾರದು. ಎಲುಬು ಗಟ್ಟಿಯಾದರೆ ಮದ್ದಿಲ್ಲ. ಆದುದರಿಂದ ಕೊಳವೆಬಾವಿಯ ನೀರನ್ನು ಮೊದಲು ಕುಡಿಯಿಸಬೇಕಾದುದು ಪರೀಕ್ಷಕನ ಸೀಸೆಗೆ, ಅನಂತರ ಮಕ್ಕಳಿಗೆ. ಶಾಲೆಯ ಅಡಿಗೆಯ ನೀರಿಗೂ ಇದೇ ನಿಯಮವಾಗಲಿ.