ಶ್ವಾಸಕೋಶ ಶಸ್ತ್ರಚಿಕಿತ್ಸೋತ್ತರ ಚೇತರಿಕೆ (ವೃದ್ಧರಲ್ಲಿ)

ಕ್ಯಾನ್ಸರ್, ಕ್ಷಯ ಉಳಿಸಿಹೋದ ಹಾನಿ ಮೊದಲಾದ ಕಾರಣಗಳಿಗೆ ಶ್ವಾಸಕೋಶದ ಭಾಗ ತೆಗೆಸಿಕೊಂಡ ಹಿರಿಯರ ಉಸಿರಾಟ, ನಡಿಗೆ ಮತ್ತು ಸ್ವಾವಲಂಬನೆಯನ್ನು ಮರಳಿಸುವ ಆರೈಕೆ ಕ್ರಮ. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಕರುಳಿನ ಶಸ್ತ್ರಚಿಕಿತ್ಸೆಗೆ ರೂಪಿಸಿದ ಶೀಘ್ರ ಚೇತರಿಕೆ ಪದ್ಧತಿ ಇದರ ಮೂಲ. ಶ್ವಾಸಕೋಶಕ್ಕೆ ಅನ್ವಯಿಸುವ ಮಾರ್ಗಸೂಚಿ 2019ರಲ್ಲಿ ಪ್ರಕಟವಾಯಿತು. ಹೆಸರಿನಲ್ಲಿ ‘ಉತ್ತರ’ ಎಂದಿದ್ದರೂ ಕ್ರಮ ಆರಂಭವಾಗುವುದು ಶಸ್ತ್ರಚಿಕಿತ್ಸೆಗೆ ಮೊದಲೇ: ಬೀಡಿ, ಸಿಗರೇಟನ್ನು ಕನಿಷ್ಠ 4 ವಾರ ಮುಂಚೆ ನಿಲ್ಲಿಸಬೇಕು.

ನೋವಿನ ನಿಯಂತ್ರಣ ಇದರ ಜೀವಾಳ. ಪಕ್ಕೆಯ ನೋವಿಗೆ ಹೆದರಿ ಕೆಮ್ಮದಿದ್ದರೆ ಕಫ ಕಟ್ಟಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಗಾಯಕ್ಕೆ ದಿಂಬು ಒತ್ತಿಹಿಡಿದು ಕೆಮ್ಮುವುದನ್ನೂ, ಮೂರು ಚೆಂಡುಗಳ ಸ್ಪೈರೋಮೀಟರ್ ಎಂಬ ಉಸಿರಾಟದ ವ್ಯಾಯಾಮದ ಸಾಧನದಲ್ಲಿ ನಿಧಾನವಾಗಿ ಉಸಿರೆಳೆದು ಚೆಂಡನ್ನು ಮೇಲೆ ನಿಲ್ಲಿಸುವುದನ್ನೂ ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ. ಎದೆಗೆ ಹಾಕಿದ ನಳಿಕೆ, ಬಾಟಲಿ ಇರುವಾಗಲೇ, ಸಾಧ್ಯವಾದರೆ ಶಸ್ತ್ರಚಿಕಿತ್ಸೆಯ 24 ಗಂಟೆಯೊಳಗೆ, ರೋಗಿಯನ್ನು ನಡೆದಾಡಿಸಲಾಗುತ್ತದೆ. ವೃದ್ಧರಲ್ಲಿ ಹೆಚ್ಚಾಗಿ ಕಾಣುವ ತಾತ್ಕಾಲಿಕ ಮನೋಗೊಂದಲವನ್ನು ಕನ್ನಡಕ, ಶ್ರವಣಯಂತ್ರ, ರಾತ್ರಿಯ ನಿದ್ದೆ, ಮನೆಯವರ ಸಾಮೀಪ್ಯ ತಗ್ಗಿಸುತ್ತವೆ.

ಮನೆಗೆ ಮರಳಿದ ಮೇಲೂ ಆರೈಕೆ ಮುಂದುವರಿಯಬೇಕು. ಬೆಂಗಳೂರಿನ ಕಿದ್ವಾಯಿ ಗಂಥಿ (ಕ್ಯಾನ್ಸರ್) ಸಂಸ್ಥೆ ಮತ್ತು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇರುವುದು ಹೊಸೂರು ರಸ್ತೆಯ ಕಡೆ. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂಥ ಪಶ್ಚಿಮದ ಬಡಾವಣೆಗಳ ವೃದ್ಧರಿಗೆ ಪದೇ ಪದೇ ಅಲ್ಲಿಗೆ ಹೋಗಿಬರುವುದು ಪ್ರಯಾಸವಾದ್ದರಿಂದ ಮನೆಯಲ್ಲೇ ಮಾಡುವ ಉಸಿರಾಟದ ವ್ಯಾಯಾಮಕ್ಕೆ ಹೆಚ್ಚಿನ ಮಹತ್ವವಿದೆ.